ಗಂಟಲಿಗೆ ಹೋದ ಕೈ

ಎಂಬತ್ತರ ದಶಕದ ನಡುವಿನ ಒಂದು ಫೆಬ್ರುವರಿ, ಮಧ್ಯಾಹ್ನದ ಊಟದ ಹೊತ್ತು. ಮೊರಬ ಎಂಬ ಹಳ್ಳಿಯ ಒಂದು ಮನೆಯ ಪಡಸಾಲೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಎಡಕ್ಕೆ ಒಂದು ಮಾರು ದೂರದಲ್ಲಿ ಹಗ್ಗದ ಹೊರಸು. ಆ ಮನೆಯ ಮುದುಕಿ ಅದರ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಅವಳಿಗೂ ನನಗೂ ನಡುವೆ ಯಾರೂ ಇರಲಿಲ್ಲ.

ನಾನಾಗ ನವಲಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮುದುಕರ ಆರೈಕೆಯನ್ನು ಬೇರೆ ದೇಶಗಳಲ್ಲಿ ನೋಡಿ ಕಲಿಯಲೆಂದು ಹೊರದೇಶದ ಒಂದು ವಿಶ್ವವಿದ್ಯಾಲಯ ಕೆಲವು ವಾರಗಳ ಪ್ರವಾಸದ ಕೋರ್ಸ್ ಇಟ್ಟಿತ್ತು. ಅದಕ್ಕಾಗಿ ಐದಾರು ವಿದ್ಯಾರ್ಥಿಗಳು, ಅವರ ಶಿಕ್ಷಕಿ ಧಾರವಾಡಕ್ಕೆ ಬಂದಿದ್ದರು. ಹಳ್ಳಿಯ ಮನೆ ತೋರಿಸುವ ದಿನ ಎರಡೂ ಕಡೆಯ ಮಾತು ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಶಿಕ್ಷಕಿ ಬಹಳ ವರ್ಷ ನರ್ಸ್ ಆಗಿದ್ದ ಎತ್ತರದ ಹೆಂಗಸು. ಬಂದವರೆಲ್ಲ ಜಮಖಾನದ ಮೇಲೆ ಕುಳಿತಿದ್ದರು.

ಮುದುಕಿಗೆ ದಿನಾಲೂ ಉಣಿಸುವವಳು ಸೊಸೆ. ಹಾಲಿನಲ್ಲಿ ರೊಟ್ಟಿ ನೆನೆಸಿ, ಕಿವುಚಿ, ಬೆರಳ ತುದಿಯಷ್ಟು ಕೊಡುತ್ತಿದ್ದಳಂತೆ. ಅಂದು ಬಂದವರಿಗಾಗಿ ಹೋಳಿಗೆ ಮಾಡಿದ್ದರು. ಸೊಸೆ ಹಂಚಿನ ಮುಂದೆ ಇದ್ದಳು. ತಾಟು ಹಿಡಿದು ತಾಯಿಯ ಆಚೆ ಬಾಜೂ ಕುಳಿತವನು ಮಗ.

ಸೊಸೆ ಒಳಗಿನಿಂದಲೇ ಅಂದಳು: “ಇವತ್ತ ಹ್ಯಾಂಗ ನೆನಪಾತ್ರಿ ಅವ್ವಗ ಉಣಸೂದು? ಸಣ್ಣ ತುತ್ತ ಮಾಡ್ರಿ ಮತ್ತ.”

“ನಮ್ಮವ್ವಗ ಉಣಸೂದು ನನಗ ಕಲಸ್ತಿ ಏನ?”

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. “ಫೋಟೋ ತಗೀತಾರಂತ ಮಗಾ ಬಂದಾನ. ಲಗೂನ ತಗೀರಿ, ಎದ್ದ ಹೋದಾನು.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಆ ನಗೆಯಲ್ಲಿಯೇ ಮಗ ಮಡಚಿದ ಹೋಳಿಗೆಯ ತುಂಡೊಂದನ್ನು ತಾಯಿಯ ಬಾಯಿಗಿಟ್ಟ.

ಅವಳು ಕೆಮ್ಮಲಿಲ್ಲ. ಕೆಮ್ಮಿದ್ದರೆ ನಾವು ಅಷ್ಟು ಹೆದರುತ್ತಿರಲಿಲ್ಲ. ಬಾಯಿ ತೆರೆದಿತ್ತು, ಎದೆ ಎಳೆಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಕೈ ಮೆಲ್ಲಗೆ ಮೇಲೆದ್ದು ಗಂಟಲಿಗೆ ಹೋಯಿತು. ಕೊರಳಲ್ಲಿ ಲಿಂಗದ ಕರಡಿಗೆಯ ದಾರವಿತ್ತು. ಬೆರಳುಗಳು ಅದನ್ನೂ ಸೇರಿಸಿ ಹಿಡಿದವು.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಪಕ್ಕದ ಮನೆಯ ಹಿರಿಯರು ಒಳಗೆ ಬಂದು ಆ ಕೈಯನ್ನು ನೋಡಿದರು. “ಲಿಂಗಾ ಹಿಡಕೊಂಡಾಳ. ಹೊಂಟಾಳಪಾ. ತಡಾ ಮಾಡಬ್ಯಾಡ, ಕೆಳಗ ಇಳಸು. ಬಾಯಿಗೆ ಪಾದೋದಕಾ ಬಿಡು.”

ಅಲ್ಲಿದ್ದ ಊರವರು ಯಾರೂ ಸಂಶಯ ಪಡಲಿಲ್ಲ. ನಾನೂ ಪಡಲಿಲ್ಲ. ನಮ್ಮ ಮನೆಯಲ್ಲಿಯೂ ಅಜ್ಜ ಹೋಗುವಾಗ ಹಾಗೆಯೇ ಲಿಂಗ ಹಿಡಿದಿದ್ದ, ಹಾಗೆಯೇ ಪಾದೋದಕದ ತೀರ್ಥ ಬಾಯಿಗೆ ಬಿಟ್ಟಿದ್ದೆವು. ಮಗನೂ ಹಿರಿಯರೂ ಸೇರಿ ಮುದುಕಿಯನ್ನು ನೆಲಕ್ಕೆ ಇಳಿಸಿ ಅಂಗಾತ ಮಲಗಿಸಿದರು. ಮಗ ದೇವರ ಕೋಣೆಗೆ ಓಡಿ ಬಟ್ಟಲು ತಂದ. ತಾಯಿಯ ತುಟಿ ನೀಲಿಗಟ್ಟುತ್ತಿತ್ತು.

ಶಿಕ್ಷಕಿ ಎದ್ದು ನಿಂತು ನನ್ನ ಕಡೆಗೆ ಕೂಗಿದಳು. ಗಂಟಲಲ್ಲಿ ತುತ್ತು ಸಿಕ್ಕಿದೆ, ನೀರು ಹಾಕಬೇಡಿ, ಎಬ್ಬಿಸಿ ಕೂರಿಸಿ.

ಮಾತು ನನ್ನ ಬಾಯಿಗೆ ಬಂದು ನಿಂತಿತು. ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ ಆ ಮುದುಕಿ ಸತ್ತರೆ, ಅವಳ ಕೊನೆಯ ತೀರ್ಥ ತಪ್ಪಿಸಿದವನು ನಾನು. ಅವರು ಬಸ್ಸು ಹತ್ತಿ ಹೋಗುತ್ತಾರೆ. ನಾನು ಇದೇ ತಾಲೂಕಿನಲ್ಲಿ ಇರಬೇಕು. ಆದರೂ ಹೇಳಿದೆ.

ಮಗ ನನ್ನನ್ನು ನೋಡಿದ. “ನಮ್ಮವ್ವನ ಬಾಯಿಗೆ ನೀರ ಬ್ಯಾಡ ಅಂತೀರೇನ್ರಿ ಸರ?”

“ಅವರ್ನ ಏನ್ ಕೇಳ್ತಿ? ನೀರ ಬಿಡಪಾ ನೀ,” ಅಂದರು ಹಿರಿಯರು.

ಬಟ್ಟಲು ಬಾಗಿತು. ಅಷ್ಟರಲ್ಲಿ ಸೊಸೆ ನನ್ನನ್ನು ಬದಿಗೆ ಸರಿಸಿ ಹಾಯ್ದು ಗಂಡನ ಮುಂಗೈ ಹಿಡಿದಳು. ಕೈ ತುಂಬ ಹಿಟ್ಟಿತ್ತು. “ಅತ್ತಿ ಕಣ್ಣ ನೋಡ್ರಿ. ನನ್ನ ಹುಡಕಾಕತ್ತಾಳ. ದಿನಾ ಊಟದಾಗ ನೆತ್ತಿಗೇರಿದಾಗ ಹಿಂಗ ನೋಡ್ತಾಳ.” ಆಮೇಲೆ ಶಿಕ್ಷಕಿಗೆ, ಭಾಷೆಯ ಗೊಡವೆಯಿಲ್ಲದೆ, “ಬರ್ರಿ, ಹಿಡೀರಿ,” ಅಂದಳು.

ಇಬ್ಬರೂ ಮುದುಕಿಯನ್ನು ಎಬ್ಬಿಸಿ ಮುಂದಕ್ಕೆ ಬಾಗಿಸಿದರು. ಶಿಕ್ಷಕಿ ಅಂಗೈಯಿಂದ ಬೆನ್ನಿನ ನಡುವೆ ಹೊಡೆದಳು. ಏನೂ ಆಗಲಿಲ್ಲ. ಮತ್ತೆ ಹೊಡೆದಳು. ಹೊರಬಾಗಿಲಲ್ಲಿ ನೆರೆಮನೆಯ ಹೆಂಗಸೊಬ್ಬಳು “ಸಾಯೂ ಜೀವಾ ಬಡೀತಾಳಲ್ಲೋ” ಎಂದು ಅತ್ತಳು. ಮುದುಕಿಯ ಕೊರಳು ಜೋತುಬಿತ್ತು. ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಆದ್ದರಿಂದ ತುಂಡು ಬಿದ್ದದ್ದನ್ನು ನಾನು ಕಂಡಿಲ್ಲ. ಕೇಳಿದ್ದು ಉಸಿರನ್ನು, ಹಳೆಯ ಕದ ಎಳೆದಂತಹ ಸದ್ದು. ಕಣ್ಣು ತೆರೆದಾಗ ಹಳದಿ ಮುದ್ದೆಯೊಂದು ಸೊಸೆಯ ಅಂಗೈಯಲ್ಲಿತ್ತು.

ಬಹಳ ಹೊತ್ತಿನ ಮೇಲೆ ಮುದುಕಿ ಬಾಯಿ ಬಿಟ್ಟಳು. “ಯಾರಬೇ ಬಡದಾಕಿ? ಒನಕಿ ಅದಾವೇನ ಆಕಿ ಕೈ?”

ಯಾರೂ ನಗಲಿಲ್ಲ.

ಸಂಜೆ ಬಸ್ಸಿನ ತನಕ ಮಗ ನನ್ನ ಜೊತೆ ಬಂದ. ಬಸ್ಸು ಬಂದಾಗ ನನ್ನ ತೋಳು ಹಿಡಿದ. “ನೀವು ಬಾಜೂನ ಇದ್ರಿ. ಖರೇ ಹೇಳ್ರಿ. ಅವ್ವ ಲಿಂಗಾ ಹಿಡದಿದ್ಲು, ಹೌದಲ್ರಿ?”

“ಇಲ್ರಿ. ಗಂಟಲಾ ಹಿಡದಿದ್ರು.”

ಅವನು ಅಲ್ಲಿಯೇ ರಸ್ತೆಯ ಬದಿಯ ಮಣ್ಣಿನಲ್ಲಿ ಕುಳಿತುಬಿಟ್ಟ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನು ಹತ್ತಿದೆ.

ಮುದುಕಿ ಆಮೇಲೂ ಕೆಲವು ವರ್ಷ ಬದುಕಿದಳು. ಅವಳೂ ಮಗನೂ ಹಿರಿಯರೂ ಈಗಿಲ್ಲ. ಶಿಕ್ಷಕಿಯ ಸುದ್ದಿ ನನಗೆ ಗೊತ್ತಿಲ್ಲ. ಇದನ್ನು ಕಂಡು ಇನ್ನೂ ಬದುಕಿರುವವರಲ್ಲಿ ನನಗೆ ಗೊತ್ತಿರುವವರು ಇಬ್ಬರು: ಅಂದು ಬಾಗಿಲಲ್ಲಿ ಅತ್ತ ನೆರೆಮನೆಯ ಹೆಂಗಸು, ಮೊರಬದ ಅದೇ ಮನೆಯಲ್ಲಿರುವ ಸೊಸೆ.