ಕೆಟ್ಟ ಹರಿನಾಥನೇ ಬೇಕೆಂದ ಅಮ್ಮಣಿಯಕ್ಕ

ಬೆಳಕು ಹರಿಯುವಾಗಲೇ ಪುತ್ತಿಗೆಯ ಶೆಡ್ಡಿನಲ್ಲಿ ಅಮ್ಮಣಿಯಕ್ಕನ ಕೈ ಓಡುತ್ತಿದೆ. ಹಾಲಿನ ತೊಟ್ಟೆ ಒಂದು ಗೋಣಿಗೆ, ಬಾಟ್ಲಿ ಇನ್ನೊಂದಕ್ಕೆ. ಪಂಚಾಯತಿನ ಹರಿತ ಕರ್ಮಸೇನೆಯ ಹಸಿರು ಕೋಟು ತೊಟ್ಟು ಮನೆಮನೆಯ ಪ್ಲಾಸ್ಟಿಕ್ ಹೆಕ್ಕಿ ತರುವುದು, ಬೇರ್ಪಡಿಸುವುದು ಅವರ ಕೆಲಸ. ದಿನಕ್ಕೆ ನಲ್ವತ್ತು ಮನೆಯಾದರೂ ಆಗಬೇಕು. ಬಾಯಿಗೆ ಮಾತ್ರ ಸಿನಿಮಾ ಬೇಕು.

"ನಿಮ್ಮ ಹರಿನಾಥನಿಗೆ ಹೆಂಡತಿಗೆ ಹೊಡೆಯುವುದು ಬಿಟ್ಟು ಬೇರೆ ಕೆಲಸ ಇರಲಿಲ್ವಾ ಅಕ್ಕಾ?" ಜೊತೆಗಾತಿ ರಶ್ಮಿತಾ ಕೆಣಕುತ್ತಾಳೆ.

"ಇತ್ತಲ್ಲ ಮಾರಾಯ್ತಿ, ಹಾಡಿನಲ್ಲಿ ಮರ ಸುತ್ತುವುದು. ಕಟ್ಟಿ ಹಾಕಿದ ಆಡೂ ಮರ ಸುತ್ತುತ್ತದೆ!"

ಹರಿನಾಥ ಹಳೆಯ ಕಾಲದ ನಾಯಕನಟ, ಹೋದ ವರ್ಷ ತೀರಿಕೊಂಡವರು. ಊರಿಗೆಲ್ಲ ಅವರು ಒಳ್ಳೆಯ ಅಣ್ಣ, ಒಳ್ಳೆಯ ಗಂಡ. ಅಮ್ಮಣಿಯಕ್ಕನ ಪ್ರಕಾರ ಅವರ ನಟನೆ ನೋಡಬೇಕಾದರೆ ಕೆಟ್ಟ ಪಾತ್ರದಲ್ಲೇ ನೋಡಬೇಕು. ಗಂಡನ ಪೆಟ್ಟು ತಾಳದೆ ಎಳೆಯ ಪ್ರಾಯದಲ್ಲೇ ತವರಿಗೆ ಬಂದ ಅಮ್ಮಣಿಯಕ್ಕನಿಗೆ ಸಿಕ್ಕಿದ್ದು ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುವ ಕೆಲಸ. ಪರದೆಗೆ ಬೆನ್ನು, ಜನರಿಗೆ ಮುಖ.

"ಕೆಲವು ನಟರು ಕಣ್ಣು ಕೆಂಪು ಮಾಡಿ ಹಾರಿ ಹಾರಿ ಹೊಡೆಯುತ್ತಿದ್ದರು. ಹೆಂಗಸರು ಕಡ್ಲೆ ತಿಂದುಕೊಂಡು ನಗುತ್ತಿದ್ದರು. ಒಂದು ದಿನ ನೋಡ್ತೇನೆ, ಸಾಲಿಡೀ ಸೆರಗು ತಲೆಗೆ ಎಳೆದುಕೊಂಡು ಕೂತಿದೆ! ಎಂತ ಆಯ್ತು ಅಂತ ತಿರುಗಿದರೆ, ಹರಿನಾಥ ಇನ್ನೂ ಕೈ ಎತ್ತಿಯೇ ಇಲ್ಲ. ವಾಚು ಬಿಚ್ಚಿ ಮೆಲ್ಲ ಮೇಜಿನ ಮೇಲೆ ಇಡ್ತಾ ಇದ್ದಾನೆ. ಅಷ್ಟೇ. ನನ್ನ ಬೆನ್ನು ಚುರ್ರೆಂದಿತು."

ಹರಿನಾಥರ ನೆನಪಿಗೆ ಊರ ಗ್ರಂಥಾಲಯ ಒಂದು ಸಿನಿಮಾ ತೋರಿಸಲು ಹೊರಟಾಗ ಅಮ್ಮಣಿಯಕ್ಕ ಪಟ್ಟು ಹಿಡಿದರು: ಆ ವಾಚು ಬಿಚ್ಚುವ ಸಿನಿಮಾವೇ ಆಗಬೇಕು.

"ಸತ್ತವರ ಹೆಸರು ಕೆಡಿಸುವುದು ಎಂತಕ್ಕೆ ಅಕ್ಕಾ? ಒಳ್ಳೆಯದೊಂದು ಹಾಕುವ," ಎಂದರು ಕಾರ್ಯದರ್ಶಿ ಜಯಪಾಲ.

"ಒಳ್ಳೆಯದು ಟಿವಿಯಲ್ಲಿ ದಿನಾ ಬರ್ತದೆ. ಅವರು ಬೆವರು ಸುರಿಸಿದ್ದು ಇದರಲ್ಲಿ. ಯಾರೂ ನೋಡದೆ ಅದು ಮಣ್ಣಾಗಬಾರದು."

ಪ್ಲಾಸ್ಟಿಕ್ ಹೆಕ್ಕಲು ಹೋದ ಮನೆಯಲ್ಲೆಲ್ಲ ಹೆಂಗಸರನ್ನು ಕರೆದರು. ಎಲ್ಲರೂ ಅದನ್ನೇ ಕೇಳತೊಡಗಿದಾಗ ಜಯಪಾಲ ಅರೆಮನಸ್ಸಿನಿಂದ ಒಪ್ಪಿದರು.

ಭಾನುವಾರ ಮಧ್ಯಾಹ್ನ ಕುರ್ಚಿ ಸಾಲದೆ ಚಾಪೆ ಹಾಸಬೇಕಾಯಿತು. ಅಮ್ಮಣಿಯಕ್ಕ ಹಳೆಯ ಅಭ್ಯಾಸದಂತೆ ಜನರ ಕಡೆ ಮುಖ ಮಾಡಿ ಬಾಗಿಲಲ್ಲಿ ನಿಂತರು. ವಾಚು ಮೇಜು ಮುಟ್ಟಿದಾಗ ಮೊಬೈಲ್ ಉಜ್ಜುತ್ತಿದ್ದ ಬೆರಳುಗಳೂ ನಿಂತವು. ಮುಗಿದ ಮೇಲೆ ಚಪ್ಪಲಿ ಹುಡುಕುತ್ತಾ ಹೆಂಗಸರು ಶಪಿಸಿದ್ದೇ ಶಪಿಸಿದ್ದು. "ಪಾಪಿ! ಅವನ ಕೈ ಸೇದಿಹೋಗಲಿ!"

ಜಯಪಾಲರ ಮುಖ ಸಣ್ಣದಾಯಿತು. "ನೋಡಿ ಅಕ್ಕಾ, ನಾನು ಹೇಳಿದ್ದೇ ಆಯ್ತು. ಬೈತಾ ಇದ್ದಾರೆ."

"ಬೈಯಲಿ ಬಿಡಿ," ಅಮ್ಮಣಿಯಕ್ಕ ಸೆರಗು ಸರಿಮಾಡಿ ನೆಟ್ಟಗೆ ನಿಂತರು. "ಸತ್ತು ವರ್ಷವಾದರೂ ಬೈಗಳು ಬೀಳ್ತಾ ಉಂಟು. ನಟನಿಗೆ ಇದಕ್ಕಿಂತ ದೊಡ್ಡ ಹಾರ ಎಲ್ಲಿಂದ ತರ್ತೀರಿ?"