ಯಲ್ಲಪ್ಪನ ಕತ್ತಿಗೊಂದು ಹಿಡಿಕೆ

೧೯೭೯ರಲ್ಲಿ ನಾನು ಬೆಳಗಾವಿಯ ಅಂಚಿನಲ್ಲಿದ್ದ ಒಂದು ಕುಷ್ಠರೋಗ ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಮೆತ್ತನೆಯ ಚಪ್ಪಲಿ, ಬಾಗಿದ ಬೆರಳುಗಳಿಗೆ ಸ್ಪ್ಲಿಂಟ್, ಅಂದರೆ ಬೆರಳನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ, ಮಾಡಿಕೊಡುವುದು ನನ್ನ ಕೆಲಸ. ಅನಗೋಳದ ನಮ್ಮ ಓಣಿಯಲ್ಲಿ ಯಾರದಾದರೂ ಮನೆಗೆ ಹೋದರೆ ನನ್ನ ಚಹಾದ ಕಪ್ಪನ್ನು ಬೇರೆ ಇಡುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಬೇಕಂತಲೇ ಇನ್ನೊಂದು ಕಪ್ ಕೇಳತೊಡಗಿದೆ.

ಯಲ್ಲಪ್ಪ ಗುಂಜಿ ಎಂಬ ಹಳ್ಳಿಯವನು, ಬಿದಿರಿನ ಬುಟ್ಟಿ, ಮೊರ ಹೆಣೆದು ಖಾನಾಪುರದ ಸಂತೆಗೆ ಒಯ್ಯುತ್ತಿದ್ದವನು. ಕೆಲವು ವರ್ಷ ಮಾತ್ರೆ ನುಂಗಿ ರೋಗ ನಿಂತಿತ್ತು. ಅವನಿಂದ ಯಾರಿಗೂ ಅಂಟುವ ಭಯ ಉಳಿದಿರಲಿಲ್ಲ. ಆದರೆ ಅಷ್ಟರಲ್ಲಿ ಎರಡೂ ಕೈಗಳ ಸ್ಪರ್ಶ ಹೋಗಿ, ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಡಿಸ್ಚಾರ್ಜ್ ಹತ್ತಿರವಾದಂತೆ ಬೇರೆಯವರ ಮುಖ ಅರಳುತ್ತದೆ, ಇವನದು ಸಣ್ಣದಾಗುತ್ತ ಹೋಯಿತು. ಊರಿಗೆ ಹೋದರೆ ದುಡಿದು ತಿನ್ನಬೇಕು, ಬುಟ್ಟಿ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಒಂದು ದಿನ ಅವನ ಹೆಂಡತಿ ಶಾಂತವ್ವ ಗೋಣಿಚೀಲದ ತುಂಡಿನಲ್ಲಿ ಸುತ್ತಿದ ಕತ್ತಿಯೊಂದನ್ನು ತಂದು ನನ್ನ ಮುಂದಿಟ್ಟಳು. ಬಿದಿರು ಸೀಳುವ ಕತ್ತಿ. ಮೈತುಂಬ ತುಕ್ಕು, ಹಿಡಿಕೆಯೇ ಇಲ್ಲ.

"ಇದರ ಹಿಡಿಕಿ ಎಲ್ಲಿ ಹೋತವ್ವ?" ಎಂದೆ.

"ಸುಟ್ಟತ್ರಿ. ಇವರು ದವಾಖಾನಿಗೆ ಬಂದ ಮರುದಿನ ನಮ್ಮ ಭಾವ ಇವರ ಹಾಸಿಗಿ, ಅಂಗಿ ಎಲ್ಲಾ ಒಟ್ಟಿ ಬೆಂಕಿ ಹಚ್ಚಿದ್ರು. ಕತ್ತೀನೂ ಅದರಾಗ ಒಗದ್ರು. ನಾ ಬೂದ್ಯಾಗಿಂದ ಆರಿಸಿ ಹಿತ್ತಲ ಗ್ವಾಡಿ ಸಂದ್ಯಾಗ ಇಟ್ಟಿದ್ದೆ."

ಅವಳ ಜೊತೆ ಬಂದಿದ್ದ ಯಲ್ಲಪ್ಪ ನೆಲ ನೋಡುತ್ತಿದ್ದ.

ಸೀಮೆಎಣ್ಣೆಯಲ್ಲಿ ನೆನೆಹಾಕಿ, ಎಮರಿ ಪೇಪರಿನಿಂದ ತಿಕ್ಕಿದರೆ ತುಕ್ಕೇನೋ ಹೋಯಿತು. ಆದರೆ ಬೆಂಕಿಗೆ ಬಿದ್ದ ಉಕ್ಕು ಹದ ಕಳೆದುಕೊಂಡು ಮೆತ್ತಗಾಗಿತ್ತು. ಎಷ್ಟು ಮಸೆದರೂ ಬಾಯಿಯ ಹರಿತ ನಿಲ್ಲುತ್ತಿರಲಿಲ್ಲ. ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದೆ. ಹಾಗೇ ಬಿಟ್ಟರೆ ಗಾಜಿನಂತೆ ಸಿಡಿಯುತ್ತದೆ, ಹಾಗಾಗಿ ಒಣಹುಲ್ಲಿನ ಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಇನ್ನೊಮ್ಮೆ ಕಾಯಿಸಿದೆ. ತುಕ್ಕು ತಿಂದ ಗುಳಿಗಳು ಉಳಿದವು, ಆದರೆ ಸಾಣೆಕಲ್ಲಿನ ಮೇಲೆ ಅಂಚು ಚೊಕ್ಕಟವಾಗಿ ಎದ್ದಿತು.

ಹಿಡಿಕೆಯ ಕೆಲಸ ಬೇರೆಯೇ. ಸ್ಪರ್ಶವಿಲ್ಲದ ಕೈ ಎಷ್ಟು ಬಿಗಿ ಹಿಡಿದೆನೆಂದು ತಿಳಿಯದೆ ಹಿಡಿಯುತ್ತದೆ, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಅದಕ್ಕೆ ಅವನ ಮಡಚಿದ ಬೆರಳುಗಳ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು, ಹಗುರವಾದ ಶಿವನೆ ಮರದಲ್ಲಿ ಒಂದೊಂದು ಬೆರಳಿಗೂ ತಗ್ಗು ಕೊರೆದೆ. ರಿವೆಟ್ಟುಗಳನ್ನು ಮರದೊಳಗೆ ಮುಳುಗಿಸಿ, ಮೇಲೆ ತೊಗಲಿನ ಪಟ್ಟಿ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಅಂಥ ಹಿಡಿಕೆ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಯಲ್ಲಪ್ಪ ಕತ್ತಿ ಎತ್ತಿ ಕಟ್ಟಿಗೆ ತುಂಡಿಗೆ ಹೊಡೆದ. ಕತ್ತಿ ಜಾರಲಿಲ್ಲ.

"ಕೈಯಾಗ ನಿಂತೈತ್ರಿ ಸಾಹೇಬ್ರ!" ಎಂದು ಕೂಗಿದ. ನನಗೂ ಕಣ್ಣು ತುಂಬಿತು.

ಅವನನ್ನು ಊರಿಗೆ ಮುಟ್ಟಿಸಲು ಲೋಂಡಾ ಕಡೆಯ ಪ್ಯಾಸೆಂಜರ್ ಹತ್ತಿ ನಾನೂ ಗುಂಜಿಗೆ ಹೋದೆ. ಶಾಂತವ್ವ ಹಸಿ ಬಿದಿರು ತಂದಿಟ್ಟಿದ್ದಳು. ಯಲ್ಲಪ್ಪ ಅದನ್ನು ಸಲೀಸಾಗಿ ಸೀಳಿದ. ಮುಂದಿನದು ಬುಟ್ಟಿಗೆ ಬೇಕಾದ ತೆಳು ಎಳೆ ತೆಗೆಯುವುದು. ಅಲ್ಲಿ ಕತ್ತಿ ಅಲುಗಾಡುವುದಿಲ್ಲ. ಎಡಗೈ ಎಳೆಯನ್ನು ಅಂಚಿಗೆ ಒತ್ತಿ ಎಳೆಯುತ್ತದೆ, ದಪ್ಪ ಎಷ್ಟೆಂದು ಎಡಗೈ ಹೆಬ್ಬೆರಳು ಮುಟ್ಟಿ ತಿಳಿಯುತ್ತದೆ. ಮೊದಲ ಎಳೆ ಅರ್ಧಕ್ಕೇ ಕಡಿಯಿತು. ಎರಡನೆಯದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ಮೂರನೆಯದರ ಮೇಲೆ ಕೆಂಪು ಹನಿಗಳು ಬಿದ್ದವು.

"ಯಾರ ರಗತ ಇದು?" ಎಂದು ಯಲ್ಲಪ್ಪ ನಮ್ಮಿಬ್ಬರ ಕೈ ನೋಡಿದ. ರಕ್ತ ಅವನ ಹೆಬ್ಬೆರಳಿನದೇ.

ಗಾಯ ಕಟ್ಟಿ, ಚೀಲದಲ್ಲಿದ್ದ ತೊಗಲಿನಿಂದ ಹೆಬ್ಬೆರಳಿಗೆ ಕವಚ ಹೊಲಿದೆ. ಮತ್ತೆ ಕೊಯ್ದುಕೊಳ್ಳುವುದು ತಪ್ಪಿತು, ಎಳೆ ಮಾತ್ರ ಸರಿಹೋಗಲಿಲ್ಲ.

"ಬೆರಳಿಗೆ ಹೊಳ್ಳಿ ಅರವು ಬರತೈತೇನ್ರಿ?"

"ಇಲ್ಲ ಯಲ್ಲಪ್ಪ. ಬರೂದಿಲ್ಲ."

ಇದನ್ನು ಅವನಿಗೆ ಡಾಕ್ಟರು ಮೊದಲೇ ಹೇಳಿದ್ದರು. ಆದರೂ ನನ್ನ ಬಾಯಿಂದ ಕೇಳಬೇಕೆಂದು ಅವನಿಗೆ ಅನ್ನಿಸಿರಬೇಕು. ನನ್ನ ಚೀಲದಲ್ಲಿ ಅರ, ಉಳಿ, ಸ್ಕ್ರೂಡ್ರೈವರ್ ಎಲ್ಲ ಇದ್ದವು. ಒಂದೂ ಉಪಯೋಗಕ್ಕೆ ಬರಲಿಲ್ಲ. ನನಗೆ ಎದ್ದು ಓಡಿಹೋಗಬೇಕೆನ್ನಿಸಿತು.

ಆಗ ಶಾಂತವ್ವ ಬಂದು ಗಂಡನ ಎದುರು ಕುಳಿತಳು. ಆ ಮನೆಯಲ್ಲಿ ಹೆಣೆಯುವುದು ಅವಳ ಕೆಲಸ, ಸೀಳುವುದು ಅವನದು.

"ನೀವು ಕತ್ತಿ ಗಟ್ಟಿ ಹಿಡೀರಿ. ನಾ ಎಳೀತೀನಿ."

ಸ್ವಲ್ಪ ಹೊತ್ತಿಗೆ ಒಂದಕ್ಕೊಂದು ಸರಿಸಮನಾದ ಎಳೆಗಳು ಬರತೊಡಗಿದವು. ಕತ್ತಿಯನ್ನೂ ಅವಳೇ ಹಿಡಿದಿದ್ದರೆ ಕೆಲಸ ಇನ್ನೂ ಬೇಗ ಆಗುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು.

ಯಲ್ಲಪ್ಪ ನನ್ನ ಕಡೆ ನೋಡದೆ, "ಕತ್ತಿಗೆ ಈಗ ನಾನ ಹಿಡಿಕಿ ನೋಡ್ರಿ" ಎಂದ.

ಮರುವರ್ಷ ಆ ಕಡೆ ಹೋದಾಗ ಶಾಂತವ್ವ ಒಬ್ಬಳೇ ಕುಳಿತು ಎಳೆ ತೆಗೆಯುತ್ತಿದ್ದಳು. ಕತ್ತಿಗೆ ಒಂದು ಸಾದಾ ಗುಂಡು ಹಿಡಿಕೆ ಬಂದಿತ್ತು. ನಾನು ಮಾಡಿದ ಹಿಡಿಕೆ ಗೋಡೆಯ ಮೊಳೆಗೆ ತೂಗುತ್ತಿತ್ತು. ಯಲ್ಲಪ್ಪ ನಾಚುತ್ತ ಅದನ್ನು ಇಳಿಸಿಕೊಟ್ಟ.

"ಆಕಿ ಕೈಗೆ ಕುಂದ್ರಲಿಲ್ರಿ. ನನ್ನ ಕೈ ಅಚ್ಚು ಅದು, ಬ್ಯಾರೇದವರಿಗೆ ಹೆಂಗ ಕುಂದ್ರತೈತಿ? ಒಗ್ಯಾಕ ಮನಸು ಬರಲಿಲ್ಲ."

ಬೆರಳುಗಳ ಆ ತಗ್ಗುಗಳಲ್ಲಿ ಧೂಳಿರಲಿಲ್ಲ. ಆಗಾಗ ಇಳಿಸಿ ಹಿಡಿದು ನೋಡುತ್ತಿದ್ದನೇನೋ.

ಆಮೇಲೆ ಬಹಳ ವರ್ಷ ಅದೇ ಕೆಲಸ ಮಾಡಿದೆ. ಸರಿಮಾಡಲು ಬರುವುದನ್ನು ಸರಿಮಾಡುವುದು ಯಾವ ವರ್ಕ್‌ಶಾಪಿನಲ್ಲಾದರೂ ಕಲಿಯಬಹುದು. ಸರಿಮಾಡಲಾಗದ್ದರ ಎದುರು ಎದ್ದುಹೋಗದೆ ಕುಳಿತಿರುವುದನ್ನು ನಾನು ಕಲಿತದ್ದು ಗುಂಜಿಯ ಆ ಮನೆಯಲ್ಲಿ. ಅವರ ಮನೆಯಲ್ಲಿ ಹೊರಗಿನವರು ಯಾರೂ ನೀರು ಸಹ ಮುಟ್ಟುತ್ತಿರಲಿಲ್ಲ. ಯಲ್ಲಪ್ಪನನ್ನು ಮುಟ್ಟಿಸಲು ಹೋಗಿದ್ದ ಆ ದಿನ ಶಾಂತವ್ವ ಹೆದರುತ್ತಲೇ ಚಹಾ ತಂದಿಟ್ಟಳು. ಕುಡಿದು, ಇನ್ನೊಂದು ಕಪ್ ಕೇಳಿದೆ.