ನವಸಾಗರದ ಹುಡುಗಿ

ಹೋದ ವಾರ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರದಾಗ ಹಿತ್ತಾಳಿ ಪಾತೇಲಿಗೆ ಕಲಾಯಿ ಹಾಕಸಾಕ ನಿಂತಿದ್ದೆ. ಕಲಾಯಿ ಹಾಕೋ ಚಾಚಾ ಕಾದ ಪಾತೇಲ್ಯಾಗ ನವಸಾಗರದ ಪುಡಿ ಉದುರಿಸಿದ್ರು. ಬುಸ್ ಅಂತ ಬಿಳಿ ಹೊಗಿ ಎದ್ದು ಮೂಗಿಗೆ ಬಡೀತು. ಅಯ್ಯಯ್ಯ, ಕಣ್ಣಾಗ ನೀರು! ಹೊಗೀಗೇ ಬಂತು ಅನ್ರಿ... ಆದ್ರ ನೆನಪಾದವರು ಕಮಲಾಪುರ ಸಾಲ್ಯಾಗ ನಮಗ ವಿಜ್ಞಾನ ಕಲಿಸಿದ ಸರ್.

ಉಪ್ಪು ಅಯಾನಿಕ, ಸಕ್ರಿ ಆಣ್ವಿಕ ಅಂತ ಅವರು ಬಾಯಿಪಾಠ ಮಾಡಸಲಿಲ್ಲ. ಎರಡು ಲೋಟದ ನೀರಾಗ ಸೆಲ್ಲಿಗೆ, ಬಲ್ಬಿಗೆ ಜೋಡಿಸಿದ ವೈರ್ ಅದ್ದಿ ತೋರಿಸಿದ್ರು. ಉಪ್ಪಿನ ನೀರಾಗ ಅಯಾನು ಕರೆಂಟ್ ಹರಿಸಿ ಬಲ್ಬು ಹತ್ತಿತು, ಸಕ್ರಿ ನೀರಾಗ ಹತ್ತಲಿಲ್ಲ. ಗುರುತು ಹಿಡಿಯಾಕ ಒಂದು ನಿಯಮಾನೂ ಕೊಟ್ರು. ಲೋಹ, ಅಲೋಹ ಕೂಡಿದ್ರ ಅಯಾನಿಕ. ಬರೇ ಅಲೋಹ ಇದ್ರ ಆಣ್ವಿಕ.

ಪರೀಕ್ಷಾದಾಗ ಅಮೋನಿಯಂ ಕ್ಲೋರೈಡ್ ಇವೆರಡರಾಗ ಯಾವುದು ಅಂತ ಕೇಳಿದ್ರು. ಅಂದ್ರ ಇದೇ ನವಸಾಗರ. ಅದರಾಗ ಲೋಹಾನೇ ಇಲ್ಲ, ಆಣ್ವಿಕ ಅಂತ ಬರದೆ. ತಪ್ಪು ಅಂತ ಗೀಚಿದ್ರು. ಒಂದು ಅಂಕದಾಗ ನನ್ನ ಮೊದಲನೇ ನಂಬರ್ ಹೋತು. ನಾ ಮೊದಲೇ ಬಾಯಿಬಡಕಿ. ತುಂಬಿದ ಕ್ಲಾಸಿನಾಗ ಎದ್ದು, "ಕಲಿಸೂದೊಂದು ಕೇಳೂದೊಂದೇನ್ರಿ ಸರ್? ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ" ಅಂದುಬಿಟ್ಟೆ. ಎಲ್ಲಾರೂ ನಕ್ರು. ಸರ್ ಮಾರಿ ಸಣ್ಣದಾತು...

ಮರುದಿನ ಅವರು ಕಲಬುರಗಿಯಿಂದ ನವಸಾಗರ ತಂದು ನೀರಾಗ ಕಲಸಿದ್ರು. ಬಲ್ಬು ಹತ್ತಿತು. ಲೋಹ ಇಲ್ಲದಿದ್ರೂ ಅಮೋನಿಯಂ ಅನ್ನೂ ಗುಂಪು ಲೋಹದ ಜಾಗಾದಾಗ ಕೂತು ಅಯಾನು ಆಗ್ತದ ಅಂತ ತಿಳಿಸಿದ್ರು. "ಇದನ್ನ ನಾ ಕಲಿಸೇ ಇರಲಿಲ್ಲ. ತಪ್ಪು ನಂದು" ಅಂತ ಎಲ್ಲಾರ ಮುಂದ ಹೇಳಿ ಅಂಕ ಕೊಟ್ರು. ನಾ ಅಂಕ ತಗೊಂಡೆ. ತಪ್ಪಾತ್ರಿ ಅನ್ನಲಿಲ್ಲ. ಎಷ್ಟು ಸೊಕ್ಕು ನೋಡ್ರಿ!

ಕಾಲೇಜಿಗೆ ಕಲಬುರಗಿಗೆ ಬಂದ ಮ್ಯಾಲ ಬಸ್ ಸ್ಟ್ಯಾಂಡಿನಾಗ ಅವರು ಕಂಡ್ರ ಮಾರಿ ತಿರುವತಿದ್ದೆ. ನನ್ನ ಮ್ಯಾಲ ಇನ್ನೂ ಸಿಟ್ಟಿರಬೇಕು ಅಂತ ಹೆದರಿಕಿ. ಹಿಂಗೇ ಇಪ್ಪತ್ತು ವರ್ಷ ಹೋದವು...

ಆ ಹೊಗಿ ಕುಡದ ಮರುದಿನಾನೇ ಕಮಲಾಪುರದ ಬಸ್ ಹತ್ತಿದೆ. ದಾರಿ ತುಂಬ ಕ್ಷಮಾ ಕೇಳೂ ಮಾತು ಜೋಡಸ್ಕೋತ ಹೋದೆ. ಬಾಗಲಾ ತೆಗದವರು ಸರ್ ಹೆಂಡತಿ. ಸರ್ ತೀರಿಕೊಂಡು ಮೂರು ವರ್ಷ ಆಗಿತ್ತು. ನಾ ಯಾರಂತ ಅರ್ಧಾ ಹೇಳೂದರಾಗ ಅವರು ನನ್ನ ಕೈ ಹಿಡಕೊಂಡ್ರು.

"ನವಸಾಗರದ ಹುಡುಗಿ ನೀನೇ ಏನವ್ವ? ಪ್ರತಿ ವರ್ಷಾ ಹೊಸ ಕ್ಲಾಸಿಗೆ ನಿನ್ನ ಸುದ್ದೀನೇ ಹೇಳತಿದ್ರು, ಹಂಗ ಎದ್ದು ಕೇಳಬೇಕು ಅಂತ. ಬರ್ತಾಳ, ಜಗಳಾ ಆಡಾಕರ ಒಮ್ಮೆ ಬರ್ತಾಳ ಅಂತಿದ್ರು."

ಹೊಸ್ತಿಲದಾಗೇ ಕೂತು ಅತ್ತೆ. ಕಲಬುರಗಿಯಿಂದ ಕಮಲಾಪುರಕ್ಕ ಬಸ್ಸಿಗೆ ಬರೇ ಒಂದು ತಾಸು... ನಾ ಯಾಕ ಹೋಗಲಿಲ್ಲರೀ?